ಬಲೂನಿಗೆ ಕಟ್ಟಿದ ಟೆಲಿಸ್ಕೋಪು ಹೊಲಕ್ಕೆ ಬಂದು ಬೀಳುವುದೇಕೆ?

2025ರ ಜನವರಿಯ ಒಂದು ಬೆಳಗ್ಗೆ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮಕ್ಕೆ ಆಕಾಶದಿಂದ ದೊಡ್ಡದೊಂದು ಬಲೂನು ಬಂದು ಬಿತ್ತು. ಜೊತೆಗೆ ಒಂದು ಯಂತ್ರವೂ ಇತ್ತು. ಶಾಸನ ಬರೆಯುವ ಶಿಲಾಬಾಲಿಕೆಯ ಶಿಲ್ಪಕ್ಕೆ ಹೆಸರಾದ ಊರು ಅದು. ಆ ದಿನ ಮಾತ್ರ ಎಲ್ಲರ ಕಣ್ಣು ಬಲೂನಿನ ಮೇಲೆ. ಉಪಗ್ರಹ ಬಿದ್ದಿದೆ ಎಂಬ ಮಾತೂ ಹಬ್ಬಿತು. ಆಮೇಲೆ ಗೊತ್ತಾಯಿತು, ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ, ಅಂದರೆ ಟಿಐಎಫ್‌ಆರ್‌ನ, ಹೈದರಾಬಾದ್ ಕೇಂದ್ರದಿಂದ ಹಾರಿದ ವೈಜ್ಞಾನಿಕ ಬಲೂನು. ಯಾರಿಗೂ ಪೆಟ್ಟಾಗಲಿಲ್ಲ.

ಅದೇ ವರ್ಷ ಅಕ್ಟೋಬರ್ ಮೊದಲ ವಾರ ಅಮೆರಿಕದ ಟೆಕ್ಸಾಸ್‌ನಲ್ಲೂ ಹೀಗೇ ಆಯಿತು. ಅಲ್ಲಿನ ಹೊಲವೊಂದರಲ್ಲಿ ಕಾರಿನಷ್ಟು ದೊಡ್ಡ ಪೆಟ್ಟಿಗೆ ಪ್ಯಾರಾಚೂಟಿನ ಸಮೇತ ಬಿದ್ದಿತ್ತು. ಮೇಲೆ ನಾಸಾ ಎಂದು ಬರೆದಿತ್ತು. ಪಕ್ಕದ ನ್ಯೂ ಮೆಕ್ಸಿಕೊ ರಾಜ್ಯದ ಫೋರ್ಟ್ ಸಮ್ನರ್‌ನಿಂದ ಬಲೂನಿನಲ್ಲಿ ಹಾರಿಸಿದ ಟೆಲಿಸ್ಕೋಪು ಅದು.

ಇಂಥ ಸುದ್ದಿ ಬಂದಾಗಲೆಲ್ಲ ಓದುಗರಲ್ಲಿ ಏಳುವ ಪ್ರಶ್ನೆಗಳು ಸಹಜವೇ. ರಾಕೆಟ್, ಉಪಗ್ರಹ ಎಲ್ಲ ಇರುವ ಈ ಕಾಲದಲ್ಲಿ ಪ್ಲಾಸ್ಟಿಕ್ ಬಲೂನಿಗೆ ಟೆಲಿಸ್ಕೋಪು ಕಟ್ಟಿ ಬಿಡುವುದೇಕೆ? ಅದು ನಮ್ಮ ಹೊಲಕ್ಕೇ ಬೀಳಬೇಕೇ? ಯಂತ್ರ ಕೆಟ್ಟು ಬಿತ್ತೇ, ಅವರೇ ಬೀಳಿಸಿದರೇ?

ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡಬಹುದು. ಬಹುಪಾಲು ಸಲ ಅವರೇ ಇಳಿಸಿರುತ್ತಾರೆ. ಬಲೂನು ವಿಜ್ಞಾನದಲ್ಲಿ ಹಾರಾಟ ಎಷ್ಟು ಮುಖ್ಯವೋ ವಾಪಸ್ ಬರುವುದೂ ಅಷ್ಟೇ ಮುಖ್ಯ. ಹಾಗಾಗಿ ಯಂತ್ರ ಬಿದ್ದ ಜಾಗದಲ್ಲಿ ನಿಂತಿರುವ ರೈತನೂ ಆ ಪ್ರಯೋಗದ ಒಂದು ಭಾಗವೇ. ಆದರೆ ಈ ಮಾತು ಅವನಿಗೆ ಮೊದಲೇ ಗೊತ್ತಿರುವುದಿಲ್ಲ. ಗೊಂದಲವೆಲ್ಲ ಶುರುವಾಗುವುದು ಅಲ್ಲಿಂದಲೇ.

ನಮ್ಮ ಗಾಳಿಯೇ ಅಡ್ಡಿ

ಉಸಿರಾಡಲು ಗಾಳಿ ಬೇಕು. ಆದರೆ ನಕ್ಷತ್ರ ನೋಡುವವರಿಗೆ ಅದೇ ತೊಂದರೆ. ಬಿಸಿಲಲ್ಲಿ ಕಾದ ಡಾಂಬರು ರಸ್ತೆಯ ಮೇಲೆ ದೂರದ ಬಸ್ಸು ಅಲುಗಾಡಿದಂತೆ ಕಾಣುತ್ತದೆ ಅಲ್ವಾ? ಬಿಸಿ ಗಾಳಿ, ತಣ್ಣನೆ ಗಾಳಿ ಕಲೆಸಿಕೊಂಡು ಬೆಳಕನ್ನು ಆಚೀಚೆ ಬಗ್ಗಿಸುವುದರಿಂದ ಹಾಗಾಗುತ್ತದೆ. ನಕ್ಷತ್ರದ ಬೆಳಕಿಗೂ ಅದೇ ಗತಿ. ಎಷ್ಟೇ ದೊಡ್ಡ ಟೆಲಿಸ್ಕೋಪು ಇಟ್ಟರೂ ಚಿತ್ರ ಸ್ವಲ್ಪ ಮಸುಕಾಗುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕೆಲವು ಬಗೆಯ ಬೆಳಕು ನೆಲದವರೆಗೆ ಬರುವುದೇ ಇಲ್ಲ. ನೇರಳಾತೀತ ಕಿರಣದ ಬಹುಭಾಗವನ್ನು ಓಝೋನ್ ತಡೆಯುತ್ತದೆ. ದೂರದ ಅವಕೆಂಪು ಕಿರಣವನ್ನು ಗಾಳಿಯಲ್ಲಿರುವ ನೀರಾವಿ ನುಂಗುತ್ತದೆ. ಎಕ್ಸ್ ಕಿರಣ, ಗಾಮಾ ಕಿರಣಗಳು ವಾತಾವರಣದಲ್ಲೇ ಮುಗಿದುಹೋಗುತ್ತವೆ. ನಕ್ಷತ್ರ ಹುಟ್ಟುವ ಮೋಡಗಳು, ಕಪ್ಪು ಕುಳಿಗಳ ಸುತ್ತಲಿನ ಗದ್ದಲ, ಸಿಡಿದ ನಕ್ಷತ್ರಗಳು, ಇವೆಲ್ಲ ತಮ್ಮ ಸುದ್ದಿ ಕಳಿಸುವುದು ಹೆಚ್ಚಾಗಿ ಈ ಕಿರಣಗಳಲ್ಲೇ.

ವಿಮಾನಗಳು ಸುಮಾರು 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತವೆ. ವೈಜ್ಞಾನಿಕ ಬಲೂನು ಏರುವುದು 30ರಿಂದ 40 ಕಿಲೋಮೀಟರ್. ಅಷ್ಟು ಮೇಲೆ ಹೋದರೆ ವಾತಾವರಣದ ಶೇ 99ರಷ್ಟು ಗಾಳಿ ಕೆಳಗೇ ಉಳಿಯುತ್ತದೆ. ಹಗಲಲ್ಲೂ ಮೇಲಿನ ಆಕಾಶ ಕಪ್ಪಗಿರುತ್ತದೆ. ಬಾಹ್ಯಾಕಾಶ ಅಲ್ಲ ನಿಜ, ಆದರೆ ಟೆಲಿಸ್ಕೋಪಿನ ಪಾಲಿಗೆ ಬಹುತೇಕ ಅದೇ.

ತೊಟ್ಟಿಲು ಕಟ್ಟುವ ಕೆಲಸ

ಟೆಲಿಸ್ಕೋಪನ್ನು ಹೊರುವ ಲೋಹದ ಚೌಕಟ್ಟಿಗೆ ಗೊಂಡೋಲಾ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ತೊಟ್ಟಿಲು ಅನ್ನಬಹುದು. ಹಗ್ಗದ ತುದಿಯಲ್ಲಿ ತೂಗಾಡುವುದರಿಂದ ಆ ಹೆಸರೇ ಸರಿಹೊಂದುತ್ತದೆ. ಈ ತೂಗಾಟವೇ ಎಂಜಿನಿಯರುಗಳಿಗೆ ದೊಡ್ಡ ಸವಾಲು.

ನೂರಾರು ಮೀಟರ್ ಉದ್ದದ ಬಲೂನು ಮತ್ತು ಹಗ್ಗಗಳ ಕೆಳಗೆ ಒಂದೆರಡು ಟನ್ ತೂಕದ ತೊಟ್ಟಿಲು ನೇತಾಡುತ್ತಿರುತ್ತದೆ. ಅದು ನಿಧಾನವಾಗಿ ಸುತ್ತುತ್ತದೆ, ಓಲಾಡುತ್ತದೆ. ಅದರೊಳಗಿನ ಟೆಲಿಸ್ಕೋಪು ಮಾತ್ರ ಒಂದೇ ಗೆಲಾಕ್ಸಿಯನ್ನು ನಿಮಿಷಗಟ್ಟಲೆ ದಿಟ್ಟಿಸಬೇಕು. 2023ರಲ್ಲಿ ಹಾರಿದ ಸೂಪರ್‌ಬಿಟ್ ಎಂಬ ಟೆಲಿಸ್ಕೋಪು ಒಂದು ಆರ್ಕ್‌ಸೆಕೆಂಡಿಗಿಂತ ಕಡಿಮೆ ಅಲುಗಾಟದಲ್ಲಿ ಗುರಿ ಹಿಡಿದಿತ್ತು. ಆರ್ಕ್‌ಸೆಕೆಂಡ್ ಅಂದರೆ ಎಷ್ಟು? ಒಂದು ರೂಪಾಯಿ ನಾಣ್ಯವನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ ಹಿಡಿದರೆ ಅದು ಎಷ್ಟು ಅಗಲ ಕಾಣುತ್ತದೋ ಅಷ್ಟು. ಉಯ್ಯಾಲೆಯ ಮೇಲೆ ಕೂತು ಅದನ್ನು ಗುರಿಯಿಟ್ಟು ನೋಡುವ ಕೆಲಸ ಇದು.

ಇದನ್ನು ಸಾಧಿಸಲು ಒಂದರೊಳಗೊಂದು ತಿರುಗುವ ಚೌಕಟ್ಟುಗಳನ್ನು ಕಟ್ಟುತ್ತಾರೆ. ಹೊರಗಿನದು ಓಲಾಡಿದರೆ ಒಳಗಿನದು ಅದಕ್ಕೆ ಎದುರಾಗಿ ಸರಿಯುತ್ತದೆ. ಜೈರೋಸ್ಕೋಪುಗಳು ಅಲುಗಾಟವನ್ನು ಅಳೆಯುತ್ತವೆ. ನಕ್ಷತ್ರ ಕ್ಯಾಮೆರಾಗಳು ಆಕಾಶದ ಫೋಟೋ ತೆಗೆದು, ಒಳಗಿರುವ ನಕ್ಷತ್ರಗಳ ಪಟ್ಟಿಯೊಂದಿಗೆ ಹೋಲಿಸಿ, ನಾವೀಗ ಎತ್ತ ನೋಡುತ್ತಿದ್ದೇವೆ ಎಂದು ಲೆಕ್ಕ ಹಾಕುತ್ತವೆ. ತೂಕ ಎಲ್ಲ ಕಡೆ ಸಮನಾಗಿರಬೇಕು. ಒಂದು ಬದಿಗೆ ಕೇಬಲ್ಲು ಜಾಸ್ತಿಯಾದರೂ ಸಮತೋಲ ತಪ್ಪುತ್ತದೆ. ಆಗ ಮೋಟರುಗಳು ಸುಮ್ನೆ ದುಡಿದು ಬ್ಯಾಟರಿ ಖಾಲಿ ಮಾಡುತ್ತವೆ.

ಮುಂದಿನದು ಬಿಸಿ ಮತ್ತು ಚಳಿಯ ಪ್ರಶ್ನೆ. ಮನೆಯ ಕಂಪ್ಯೂಟರಿನಲ್ಲಿ ಫ್ಯಾನು ತಿರುಗಿ ಬಿಸಿ ಹೊರಹಾಕುತ್ತದೆ. ಮೇಲೆ ಗಾಳಿಯೇ ಇಲ್ಲದಂತಿರುವಾಗ ಫ್ಯಾನು ತಿರುಗಿಯೂ ಉಪಯೋಗವಿಲ್ಲ. ಹೊರಗೆ ಶೂನ್ಯಕ್ಕಿಂತ ಎಷ್ಟೋ ಕೆಳಗಿನ ಚಳಿ ಇದ್ದರೂ ಒಳಗಿನ ಕಂಪ್ಯೂಟರ್ ಚಿಪ್ ಕಾದು ಕೆಡಬಹುದು. ಆದ್ದರಿಂದ ಬಿಸಿಯನ್ನು ಲೋಹದ ಪಟ್ಟಿಗಳ ಮೂಲಕ ಹೊರಗಿನ ಫಲಕಕ್ಕೆ ಸಾಗಿಸಿ, ಅಲ್ಲಿಂದ ಆಕಾಶಕ್ಕೆ ಬಿಡಬೇಕು. ಬಿಸಿಲು ಬೀಳುವ ಕಡೆ ಹೊಳೆಯುವ ಹಾಳೆ ಹೊದಿಸಬೇಕು. ಹೆಚ್ಚು ವೋಲ್ಟೇಜಿನ ಉಪಕರಣಗಳಿಗೆ ಇನ್ನೂ ಒಂದು ಅಪಾಯವಿದೆ. ತೆಳು ಗಾಳಿಯಲ್ಲಿ ಕಿಡಿ ಸುಲಭವಾಗಿ ಹಾರುತ್ತದೆ. ಅದಕ್ಕೇ ಮುಖ್ಯ ಭಾಗಗಳನ್ನು ಮೊದಲೇ ಗಾಳಿ ತೆಗೆದ ಕೋಣೆಯಲ್ಲಿಟ್ಟು, ಕಾಯಿಸಿ, ತಣಿಸಿ ಪರೀಕ್ಷಿಸುತ್ತಾರೆ.

ಉಡಾವಣೆಯ ಜಾಗಕ್ಕೆ ಬಂದ ಮೇಲೆ ಇಡೀ ತೊಟ್ಟಿಲನ್ನು ಕ್ರೇನಿಗೆ ನೇತುಹಾಕಿ, ಹಾರುವಾಗ ಹೇಗಿರುತ್ತದೋ ಹಾಗೆ ಎಲ್ಲವನ್ನೂ ಚಾಲೂ ಮಾಡುತ್ತಾರೆ. ರೇಡಿಯೊ ಸಂಕೇತ ಬರುತ್ತಿದೆಯೇ? ಒಂದು ಉಪಕರಣದ ಸದ್ದು ಇನ್ನೊಂದರ ಕಿವಿಗೆ ಬೀಳುತ್ತಿದೆಯೇ? ಈ ಪರೀಕ್ಷೆ ಪಾಸಾದ ಮೇಲೆಯೇ ಹಾರಲು ಸಿದ್ಧ ಎಂಬ ಮಾತು.

ಇಷ್ಟೆಲ್ಲ ಸೂಕ್ಷ್ಮ ಯಂತ್ರದ ತಳಕ್ಕೆ ಕೊನೆಯಲ್ಲಿ ಏನು ಕಟ್ಟುತ್ತಾರೆ ಗೊತ್ತೇ? ರಟ್ಟು. ಜೇನುಗೂಡಿನ ಹಾಗೆ ಮಡಚಿದ ದಪ್ಪ ರಟ್ಟಿನ ದಿಮ್ಮಿಗಳು. ನೆಲಕ್ಕೆ ಬಡಿದಾಗ ರಟ್ಟು ನಜ್ಜುಗುಜ್ಜಾಗಿ ಪೆಟ್ಟನ್ನು ತಾನು ತಿನ್ನುತ್ತದೆ, ಮೇಲಿನ ಕನ್ನಡಿ ಉಳಿಯುತ್ತದೆ. ಹಾರುವ ಮೊದಲೇ ಬೀಳುವ ಲೆಕ್ಕ ಹಾಕಿರುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಗಾಳಿ ನಿಲ್ಲಲಿ ಎಂದು ಕಾಯುವ ದಿನಗಳು

ಎಲ್ಲ ಸಿದ್ಧವಾದರೂ ಹಾರಿಸುವಂತಿಲ್ಲ. ಗಾಳಿ ಒಪ್ಪಬೇಕು.

ಬಲೂನನ್ನು ಮಾಡಿರುವುದು ಪಾಲಿಥೀನ್ ಹಾಳೆಯಿಂದ. ದಪ್ಪ ಸಾಮಾನ್ಯವಾಗಿ ಸುಮಾರು 20 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ತರಕಾರಿ ತರುವ ತೆಳು ಕವರಿನ ಹಾಗೆ. ಬಾಳೆ ಎಲೆಯಂತೆ ಉದ್ದುದ್ದನೆಯ ಪಟ್ಟಿಗಳನ್ನು ಅಂಚಿಗೆ ಅಂಚು ಬಿಸಿಯಿಂದ ಬೆಸೆದು ಇದನ್ನು ಮಾಡುತ್ತಾರೆ. ಮೇಲೆ ಹೋಗಿ ಪೂರ್ತಿ ಉಬ್ಬಿದಾಗ ಒಂದು ಸ್ಟೇಡಿಯಮ್ಮಿನಷ್ಟು ಜಾಗ ಹಿಡಿಯುತ್ತದೆ. ಸೂಪರ್‌ಬಿಟ್ ಹೊತ್ತ ಬಲೂನಿನ ಗಾತ್ರ ಸುಮಾರು 5.3 ಲಕ್ಷ ಘನ ಮೀಟರ್.

ಆದರೆ ನೆಲದಲ್ಲಿ ಅದನ್ನು ಪೂರ್ತಿ ಉಬ್ಬಿಸುವುದಿಲ್ಲ. ಉಬ್ಬಿಸಿದರೆ ಒಡೆದೇ ಹೋಗುತ್ತದೆ. ಕಾರಣ ಹೀಗೆ. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ. ಒಳಗಿನ ಅನಿಲ ಹಿಗ್ಗುತ್ತದೆ. 35 ಕಿಲೋಮೀಟರ್ ದಾಟುವ ಹೊತ್ತಿಗೆ ಅದು ನೂರು ಪಟ್ಟಿಗೂ ಹೆಚ್ಚು ಹಿಗ್ಗಿರುತ್ತದೆ. ಆದ್ದರಿಂದ ನೆಲದಲ್ಲಿ ಬಲೂನಿನ ತಲೆಯ ಭಾಗದಲ್ಲಷ್ಟೇ ಒಂದು ಗುಳ್ಳೆಯಷ್ಟು ಅನಿಲ ತುಂಬುತ್ತಾರೆ. ಉಳಿದದ್ದು ಉದ್ದನೆಯ ಬಾಲದಂತೆ ನೆಲದ ಮೇಲೆ ಹಾಸಿದ ಬಟ್ಟೆಯ ಮೇಲೆ ಮಲಗಿರುತ್ತದೆ.

ಆ ಗುಳ್ಳೆ ಒಂದು ಹಾಯಿಯೂ ಹೌದು. ಸ್ವಲ್ಪ ಗಾಳಿ ಬೀಸಿದರೂ ಪಕ್ಕಕ್ಕೆ ಎಳೆಯುತ್ತದೆ, ಹಾಳೆ ಹರಿಯುತ್ತದೆ. ಹಾಗಾಗಿ ನೆಲದ ಮಟ್ಟದಲ್ಲಷ್ಟೇ ಅಲ್ಲ, ಬಲೂನು ನೆಟ್ಟಗೆ ನಿಂತಾಗ ಅದರ ತಲೆ ಮುಟ್ಟುವ ಎತ್ತರದವರೆಗೂ ಗಾಳಿ ಶಾಂತವಾಗಿರಬೇಕು. ಅದನ್ನು ತಿಳಿಯಲು ಹಳೆಯ ಉಪಾಯವೇ ಸಾಕು. ಚಿಕ್ಕ ಬಲೂನೊಂದನ್ನು ಬಿಟ್ಟು ಅದು ಯಾವ ಕಡೆ ವಾಲುತ್ತದೆ ಎಂದು ನೋಡುತ್ತಾರೆ. ಗಾಳಿ ಸಾಮಾನ್ಯವಾಗಿ ಶಾಂತವಾಗಿರುವುದು ರಾತ್ರಿ ಮತ್ತು ನಸುಕಿನಲ್ಲಿ. ಅದಕ್ಕೇ ತಂಡಗಳು ನಡುರಾತ್ರಿ ಎದ್ದು ಕೆಲಸ ಶುರುಮಾಡುತ್ತವೆ. ಎಷ್ಟೋ ಸಲ ಬೆಳಗಿನ ಜಾವ ಎಲ್ಲವನ್ನೂ ಮತ್ತೆ ಒಳಗೆ ತಳ್ಳಿಕೊಂಡು ಹೋಗಬೇಕಾಗುತ್ತದೆ. ಇದು ಒಂದು ದಿನದ ಮಾತಲ್ಲ, ವಾರಗಟ್ಟಲೆ ನಡೆಯಬಹುದು.

ಅನಿಲ ತುಂಬಲು ಶುರುಮಾಡಿದ ಮೇಲೆ ಹಿಂದೆ ಸರಿಯುವುದು ಬಹಳ ದುಬಾರಿ. ಪೆಟ್ಟಿಗೆಯಿಂದ ಬಿಚ್ಚಿ ಉಬ್ಬಿಸಿದ ಬಲೂನನ್ನು ಮತ್ತೆ ಮಡಚಿ ಬಳಸುವಂತಿಲ್ಲ. ಹಾಗಾಗಿ ಆ ನಿರ್ಧಾರ ತೆಗೆದುಕೊಳ್ಳುವ ಹವಾಮಾನ ತಜ್ಞರ ಮಾತಿಗೆ ಅಲ್ಲಿ ಎಲ್ಲರಿಗಿಂತ ಬೆಲೆ.

ಬಿಡುವ ಕ್ಷಣ ಹೀಗಿರುತ್ತದೆ. ಅನಿಲದ ಗುಳ್ಳೆಯನ್ನು ಒಂದು ದೊಡ್ಡ ಉರುಳೆ ಒತ್ತಿ ಹಿಡಿದಿರುತ್ತದೆ. ಆಚೆ ತುದಿಯಲ್ಲಿ ಕ್ರೇನ್ ಗಾಡಿ ತೊಟ್ಟಿಲನ್ನು ಎತ್ತಿ ಹಿಡಿದಿರುತ್ತದೆ. ನಡುವೆ ಪ್ಯಾರಾಚೂಟು ಮೊದಲೇ ಹಗ್ಗದ ಸಾಲಿನಲ್ಲಿ ಸೇರಿರುತ್ತದೆ. ಉರುಳೆ ಸಡಿಲಿಸಿದ ಕೂಡಲೇ ಗುಳ್ಳೆ ಮೇಲಕ್ಕೆ ಚಿಮ್ಮುತ್ತದೆ. ನೆಲದ ಮೇಲಿನ ಬಾಲ ಅಲೆಯಂತೆ ಏಳುತ್ತಾ ಹೋಗುತ್ತದೆ. ಕ್ರೇನ್ ಗಾಡಿಯ ಚಾಲಕ ಬಲೂನಿನ ನೇರ ಕೆಳಕ್ಕೆ ಬರುವಂತೆ ಗಾಡಿ ಓಡಿಸಬೇಕು. ಸರಿಯಾಗಿ ತಲೆಯ ಮೇಲೆ ಬಂದಾಗ ಪಿನ್ನು ಕಳಚುತ್ತಾರೆ. ವರ್ಷಗಟ್ಟಲೆ ಕಟ್ಟಿದ ಟೆಲಿಸ್ಕೋಪಿನ ಹಣೆಬರಹ ಆ ಕೆಲವು ಸೆಕೆಂಡುಗಳಲ್ಲಿ ತೀರ್ಮಾನವಾಗುತ್ತದೆ.

ಪಿನ್ನು ಕಳಚದಿದ್ದರೆ

2010ರ ಏಪ್ರಿಲ್ 29ರಂದು ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಆದದ್ದು ಇದೇ. ನ್ಯೂಕ್ಲಿಯರ್ ಕಾಂಪ್ಟನ್ ಟೆಲಿಸ್ಕೋಪ್ ಎಂಬ ಗಾಮಾ ಕಿರಣ ಟೆಲಿಸ್ಕೋಪು ಹಾರಬೇಕಿತ್ತು. ಬಲೂನು ಎದ್ದಿತು, ತೊಟ್ಟಿಲು ಕ್ರೇನಿನಿಂದ ಕಳಚಲಿಲ್ಲ. ಗಾಡಿ ಬಲೂನಿನ ಹಿಂದೆ ಓಡಿತು. ಕೊನೆಗೆ ತೊಟ್ಟಿಲು ಕಿತ್ತುಕೊಂಡು ನೆಲಕ್ಕೆ ಬಡಿಯಿತು. ಬೇಲಿ ಮುರಿಯಿತು, ನಿಂತಿದ್ದ ಕಾರೊಂದು ಮಗುಚಿತು. ನೋಡಲು ಬಂದಿದ್ದವರು ಸ್ವಲ್ಪದರಲ್ಲಿ ಪಾರಾದರು. ಅಪಾಯದ ಅಂದಾಜು, ಸಿಬ್ಬಂದಿಯ ತರಬೇತಿ, ಜನರ ಸುರಕ್ಷತೆ, ಎಲ್ಲದರಲ್ಲೂ ಕೊರತೆ ಇತ್ತೆಂದು ನಾಸಾದ ತನಿಖೆಯೇ ಹೇಳಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವಿಜ್ಞಾನಿಗಳು ಟೆಲಿಸ್ಕೋಪನ್ನು ಮತ್ತೆ ಕಟ್ಟಿದರು. ಕೋಸಿ ಎಂಬ ಹೊಸ ಹೆಸರಿನಲ್ಲಿ 2016ರ ಮೇ ತಿಂಗಳಲ್ಲಿ ಅದು ನ್ಯೂಜಿಲೆಂಡಿನ ವಾನಾಕಾದಿಂದ ಹಾರಿ, 46 ದಿನ ತೇಲಿ, ಪೆರು ದೇಶದಲ್ಲಿ ಇಳಿಯಿತು. ಆ ಹಾರಾಟದ ಬಲದ ಮೇಲೆ 2021ರಲ್ಲಿ ನಾಸಾ ಕೋಸಿಯನ್ನು ಉಪಗ್ರಹವಾಗಿ ಮಾಡಲು ಆರಿಸಿತು. 2027ಕ್ಕೆ ಹಾರಿಸುವ ಗುರಿ ಇದೆ. ಉಪಗ್ರಹದಲ್ಲಿ ಇಂಥ ಅಪಘಾತ ಆಗಿದ್ದರೆ ಎರಡನೇ ಅವಕಾಶ ಸಿಗುವುದು ಬಹಳ ಕಷ್ಟವಿತ್ತು.

ತೇಲುವ ಎರಡು ಬಗೆ

ಬಲೂನು ಸೆಕೆಂಡಿಗೆ ಸುಮಾರು 5 ಮೀಟರಿನಂತೆ ಏರುತ್ತದೆ. ಎರಡು ಮೂರು ಗಂಟೆಯಲ್ಲಿ ತೇಲುವ ಎತ್ತರ ಮುಟ್ಟುತ್ತದೆ. ಆಮೇಲೆ ಗಾಳಿ ಕರೆದುಕೊಂಡು ಹೋದ ಕಡೆ ಹೋಗುವುದು, ಅಷ್ಟೇ. ಎಂಜಿನ್ನೂ ಇಲ್ಲ, ಚುಕ್ಕಾಣಿಯೂ ಇಲ್ಲ.

ಸಾಮಾನ್ಯ ಬಲೂನಿನ ತಳ ತೆರೆದಿರುತ್ತದೆ. ಹಗಲು ಬಿಸಿಲಿಗೆ ಅನಿಲ ಹಿಗ್ಗಿ ಹೆಚ್ಚಾದದ್ದು ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾಗಿ ಕುಗ್ಗುತ್ತದೆ, ಬಲೂನು ಕೆಳಗಿಳಿಯತೊಡಗುತ್ತದೆ. ಅದನ್ನು ಎತ್ತರದಲ್ಲೇ ಉಳಿಸಲು ಹೊತ್ತುಕೊಂಡು ಹೋದ ಲೋಹದ ಪುಡಿಯನ್ನು ಸ್ವಲ್ಪ ಸ್ವಲ್ಪ ಸುರಿಯಬೇಕು. ಪುಡಿ ಮುಗಿದರೆ ಆಟ ಮುಗಿಯಿತು. ಆದ್ದರಿಂದ ಇಂಥ ಹಾರಾಟ ಬಹಳ ಕಡೆ ಒಂದೆರಡು ದಿನಕ್ಕೆ ಮೀರುವುದಿಲ್ಲ. ಅಂಟಾರ್ಕ್ಟಿಕದ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ ಅಲ್ಲಿ ವಾರಗಟ್ಟಲೆ ತೇಲುತ್ತದೆ. 2023ರ ಡಿಸೆಂಬರ್ 31ರಂದು ಅಲ್ಲಿನ ಮೆಕ್‌ಮರ್ಡೊದಿಂದ ಹಾರಿದ ಗಸ್ಟೊ ಟೆಲಿಸ್ಕೋಪು 57 ದಿನ ತೇಲಿ ದಾಖಲೆ ಬರೆಯಿತು.

ಇನ್ನೊಂದು ಬಗೆಯದು ಕುಂಬಳಕಾಯಿ ಆಕಾರದ ಮುಚ್ಚಿದ ಬಲೂನು. ಅನಿಲ ಹೊರಗೆ ಹೋಗುವಂತಿಲ್ಲ, ಹಾಗಾಗಿ ರಾತ್ರಿಯೂ ಎತ್ತರ ಅಷ್ಟಾಗಿ ಕಳೆದುಕೊಳ್ಳುವುದಿಲ್ಲ. ಕತ್ತಲಲ್ಲಿ ನಕ್ಷತ್ರ ನೋಡಬೇಕಾದವರಿಗೆ ಇದು ವರ. ಆದರೆ ಒತ್ತಡ ತಡೆಯುವ ಹಾಳೆಯಲ್ಲಿ ಸಣ್ಣ ತೂತಾದರೂ ಎಲ್ಲ ಹೋಯಿತು. 2023ರ ಮೇ ತಿಂಗಳಲ್ಲಿ ವಾನಾಕಾದಿಂದ ಹಾರಿದ ಯೂಸೊ-2 ಎಂಬ ಉಪಕರಣ ಬಲೂನು ಸೋರಿದ್ದರಿಂದ ಎರಡೇ ದಿನದೊಳಗೆ ಪೆಸಿಫಿಕ್ ಸಾಗರದ ಪಾಲಾಯಿತು.

ಇಳಿಸುವುದೇ ಅರ್ಧ ಕೆಲಸ

ಹಾರಾಟ ಮುಗಿಸಲು ನೆಲದಿಂದ ಒಂದು ಆಜ್ಞೆ ಕಳಿಸುತ್ತಾರೆ. ಬಲೂನಿಗೂ ಪ್ಯಾರಾಚೂಟಿಗೂ ನಡುವಿನ ಕೊಂಡಿ ಕಡಿದುಹೋಗುತ್ತದೆ. ಅದೇ ಎಳೆತಕ್ಕೆ ಬಲೂನಿನ ಹಾಳೆ ಸೀಳಿ, ಅನಿಲವೆಲ್ಲ ಹೋಗಿ, ಅದು ಬೇರೆಯಾಗಿ ಬೀಳುತ್ತದೆ. ತೊಟ್ಟಿಲು ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಹಾಗಾಗಿಯೇ ಒಂದು ಊರಿನಲ್ಲಿ ಪ್ಲಾಸ್ಟಿಕ್ ರಾಶಿ, ಇನ್ನೊಂದು ಊರಿನಲ್ಲಿ ಯಂತ್ರ ಸಿಗುವುದೂ ಉಂಟು.

ನೆಲ ಮುಟ್ಟಿದ ಮೇಲೆ ಪ್ಯಾರಾಚೂಟು ಕಳಚಬೇಕು. ಇಲ್ಲದಿದ್ದರೆ ಗಾಳಿ ಅದರಲ್ಲಿ ತುಂಬಿಕೊಂಡು ಯಂತ್ರವನ್ನು ಎಳೆದುಕೊಂಡು ಹೋಗುತ್ತದೆ. ಬ್ಲಾಸ್ಟ್ ಎಂಬ ಟೆಲಿಸ್ಕೋಪಿಗೆ ಅಂಟಾರ್ಕ್ಟಿಕದಲ್ಲಿ ಹೀಗಾಗಿ, ಗಾಳಿ ಅದನ್ನು ಹಿಮದ ಮೇಲೆ ಸುಮಾರು 200 ಕಿಲೋಮೀಟರ್ ಎಳೆದಾಡಿತು. ಟೆಲಿಸ್ಕೋಪು ಪುಡಿಯಾಯಿತು. ಮಾಹಿತಿ ತುಂಬಿದ್ದ ಗಟ್ಟಿ ಡಬ್ಬಿ ಮಾತ್ರ ಸಿಕ್ಕಿತು. ಅದರಿಂದಲೇ ವಿಜ್ಞಾನ ಉಳಿಯಿತು.

ಸೂಪರ್‌ಬಿಟ್ ತಂಡ ಇದರಿಂದ ಪಾಠ ಕಲಿತಿತ್ತು. ಅರ್ಧ ಮೀಟರ್ ಕನ್ನಡಿಯ ಆ ಟೆಲಿಸ್ಕೋಪು 2023ರ ಏಪ್ರಿಲ್‌ನಲ್ಲಿ ವಾನಾಕಾದಿಂದ ಹಾರಿ, ದಕ್ಷಿಣ ಗೋಳವನ್ನು ಐದೂವರೆ ಸುತ್ತು ಹಾಕುತ್ತಾ ಸುಮಾರು 40 ರಾತ್ರಿ ಆಕಾಶ ನೋಡಿತು. ಗೆಲಾಕ್ಸಿ ಗುಂಪುಗಳ ಸುತ್ತ ಅಡಗಿರುವ, ಬೆಳಕು ಸೂಸದ ಕಪ್ಪು ದ್ರವ್ಯದ ನಕ್ಷೆ ಮಾಡುವುದು ಅದರ ಉದ್ದೇಶ. ಆದರೆ ನಡುವೆ ಉಪಗ್ರಹದ ಮೂಲಕ ಮಾಹಿತಿ ಕಳಿಸುವ ಸಂಪರ್ಕಗಳು ಕೈಕೊಟ್ಟವು. ಮೇ 25ರಂದು ಅರ್ಜೆಂಟೀನಾದಲ್ಲಿ ಇಳಿಸಿದಾಗ ಪ್ಯಾರಾಚೂಟು ಎಳೆದು, ಟೆಲಿಸ್ಕೋಪು ಸುಮಾರು 3 ಕಿಲೋಮೀಟರ್ ಉರುಳಿ ಹಾಳಾಯಿತು.

ಅಷ್ಟರೊಳಗೆ ತಂಡ ಎರಡು ಚಿಕ್ಕ ಪೆಟ್ಟಿಗೆಗಳಲ್ಲಿ 200 ಗಿಗಾಬೈಟಿಗೂ ಹೆಚ್ಚು ಮಾಹಿತಿ ತುಂಬಿ ಪುಟ್ಟ ಪ್ಯಾರಾಚೂಟಿನಲ್ಲಿ ಕೆಳಗೆ ಬಿಟ್ಟಿತ್ತು. ಸ್ಥಳೀಯ ಪೊಲೀಸರ ನೆರವಿನಿಂದ ಎರಡೂ ಸಿಕ್ಕವು. ಒಂದರ ಹತ್ತಿರ ಹಿಮದಲ್ಲಿ ಪ್ಯೂಮಾ ಪ್ರಾಣಿಯ ಹೆಜ್ಜೆ ಗುರುತಿತ್ತು. ಅದಕ್ಕೂ ಕುತೂಹಲ ಹುಟ್ಟಿರಬೇಕು.

ನಮ್ಮ ಕಡೆ ಯಾಕೆ ಬೀಳುತ್ತವೆ?

ಈ ವಿಜ್ಞಾನಕ್ಕೂ ಕರ್ನಾಟಕಕ್ಕೂ ನಂಟು ಹಳೆಯದು. 1939–40ರ ಚಳಿಗಾಲದಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್ ತಂಡ ವಿಶ್ವಕಿರಣ, ಅಂದರೆ ಬಾಹ್ಯಾಕಾಶದಿಂದ ವೇಗವಾಗಿ ಬರುವ ಕಣಗಳನ್ನು, ಅಳೆಯಲು ಬೆಂಗಳೂರಿನಿಂದ ಬಲೂನು ಹಾರಿಸಿತ್ತು. ಆ ಕಾಲದಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ಅದೇ ವಿಷಯಕ್ಕೆ ಇಳಿದರು. ಟಿಐಎಫ್‌ಆರ್ 1945ರಲ್ಲಿ ಶುರುವಾದದ್ದೂ ಬೆಂಗಳೂರಿನಲ್ಲೇ. ಅದೇ ವರ್ಷ ಅದು ಮುಂಬೈಗೆ ಹೋಯಿತು. ಹೈದರಾಬಾದಿನ ಬಲೂನು ಕೇಂದ್ರ ಬಂದದ್ದು 1969ರಲ್ಲಿ.

ಹೈದರಾಬಾದೇ ಯಾಕೆ? ಅದು ಭೂಮಿಯ ಕಾಂತೀಯ ಸಮಭಾಜಕ ರೇಖೆಗೆ ಹತ್ತಿರ. ಅಲ್ಲಿ ಭೂಮಿಯ ಕಾಂತಕ್ಷೇತ್ರ ಕಡಿಮೆ ಶಕ್ತಿಯ ವಿಶ್ವಕಿರಣಗಳನ್ನು ದೂರ ತಳ್ಳುತ್ತದೆ. ಹಾಗಾಗಿ ಎಕ್ಸ್ ಕಿರಣ, ಗಾಮಾ ಕಿರಣ ನೋಡುವ ಉಪಕರಣಗಳಿಗೆ ಬೇಡದ ಗದ್ದಲ ಕಡಿಮೆ. ಈ ಕೇಂದ್ರ ತನ್ನ ಬಲೂನನ್ನು ತಾನೇ ತಯಾರಿಸುತ್ತದೆ. ಅಲ್ಲಿಂದ ಹಾರಿದ ಒಂದು ಮೀಟರ್ ಕನ್ನಡಿಯ ದೂರ ಅವಕೆಂಪು ಟೆಲಿಸ್ಕೋಪು, ಜಪಾನಿನ ಉಪಕರಣದ ಜೊತೆ ಸೇರಿ, ನಕ್ಷತ್ರ ಹುಟ್ಟುವ ಮೋಡಗಳಲ್ಲಿನ ಇಂಗಾಲದ ಹೊಳಪನ್ನು ಅಳೆಯಿತು. ದಾಖಲೆ ಬರೆದ ಗಸ್ಟೊ ಹುಡುಕಿದ ಹೊಳಪುಗಳಲ್ಲಿ ಇದೂ ಒಂದು.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ತಂಡ ಹೊಸಕೋಟೆಯ ತನ್ನ ಕ್ಯಾಂಪಸ್ಸಿನಿಂದ ಕೆಲವೇ ಕಿಲೋ ತೂಕದ ಉಪಕರಣಗಳನ್ನು ಚಿಕ್ಕ ರಬ್ಬರ್ ಬಲೂನುಗಳಲ್ಲಿ ಕಳಿಸಿದೆ. ಆ ತಂಡದ ಕಡಿಮೆ ಖರ್ಚಿನ ನಕ್ಷತ್ರ ಕ್ಯಾಮೆರಾ 2023ರ ಏಪ್ರಿಲ್‌ನಲ್ಲಿ ಪಿಎಸ್‌ಎಲ್‌ವಿ ರಾಕೆಟಿನಲ್ಲಿ ಬಾಹ್ಯಾಕಾಶಕ್ಕೂ ಹೋಯಿತು.

ಇನ್ನು ಬೀಳುವ ಜಾಗದ ಮಾತು. ಹೈದರಾಬಾದಿನ ಬಲೂನುಗಳು ಹಾರುವುದು ಸಾಮಾನ್ಯವಾಗಿ ಅಕ್ಟೋಬರಿನಿಂದ ಏಪ್ರಿಲ್ ನಡುವೆ. ಗಾಳಿ ಅವನ್ನು ಹೆಚ್ಚಾಗಿ ವಿಶಾಖಪಟ್ಟಣ, ಹೈದರಾಬಾದ್, ಸೊಲ್ಲಾಪುರ ಸಾಲಿನಲ್ಲಿ ಆಚೀಚೆ ಒಯ್ಯುತ್ತದೆ. ಉಪಕರಣಗಳು ಹೈದರಾಬಾದಿನಿಂದ 200ರಿಂದ 350 ಕಿಲೋಮೀಟರ್ ದೂರದವರೆಗೂ ಇಳಿಯಬಹುದು ಎಂದು ಟಿಐಎಫ್‌ಆರ್ ಪ್ರಕಟಣೆಗಳೇ ಹೇಳುತ್ತವೆ. ನಕ್ಷೆ ತೆಗೆದು ನೋಡಿದರೆ ಬೀದರ್, ಕಲಬುರಗಿ ಎಲ್ಲ ಈ ವ್ಯಾಪ್ತಿಯೊಳಗೇ ಬರುತ್ತವೆ.

ಉಪಗ್ರಹ ಇರುವಾಗ ಇದು ಬೇಕೇ?

ಬೇಡ ಎನ್ನುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಉಪಗ್ರಹ ವರ್ಷಗಟ್ಟಲೆ ದುಡಿಯುತ್ತದೆ, ಬಲೂನು ಹೆಚ್ಚೆಂದರೆ ಕೆಲವು ವಾರ. ಬಲೂನಿನ ಮೇಲೂ ಚೂರು ವಾತಾವರಣ ಉಳಿದೇ ಇರುತ್ತದೆ. ಹವೆ ಕೈಕೊಟ್ಟರೆ ಇಡೀ ಸೀಸನ್ನೇ ವ್ಯರ್ಥ. ರಾಕೆಟ್ ಖರ್ಚು ಇಳಿಯುತ್ತಿದೆ, ಚಿಕ್ಕ ಉಪಗ್ರಹಗಳು ಬಂದಿವೆ. ಹಾಗಿರುವಾಗ ಹಣ ಅತ್ತ ಹೋಗಲಿ ಎನ್ನುತ್ತಾರೆ.

ಬೇಕು ಎನ್ನುವವರು ಖರ್ಚಿನಿಂದ ಶುರುಮಾಡುತ್ತಾರೆ. ಸೂಪರ್‌ಬಿಟ್ ಟೆಲಿಸ್ಕೋಪಿಗೆ ತಗುಲಿದ್ದು ಸುಮಾರು 50 ಲಕ್ಷ ಡಾಲರ್. ಕೋಸಿ ಚಿಕ್ಕ ಉಪಗ್ರಹವೇ ಆದರೂ, ಉಡಾವಣೆ ಖರ್ಚು ಬಿಟ್ಟು ಅದರ ಅಂದಾಜು ಸುಮಾರು 14.5 ಕೋಟಿ ಡಾಲರ್. ಎರಡೂ ಬೇರೆ ಬೇರೆ ಕೆಲಸದ ಯಂತ್ರಗಳು, ನೇರ ಹೋಲಿಕೆ ಸರಿಯಲ್ಲ. ಆದರೂ ಅಂತರ ಎಷ್ಟೆಂದು ಅಂದಾಜು ಸಿಗುತ್ತದೆ. ಜೊತೆಗೆ ಬಲೂನಿನಲ್ಲಿ ಹೋದ ಯಂತ್ರ ವಾಪಸ್ ಬರುತ್ತದೆ. ಕೆಟ್ಟದ್ದನ್ನು ರಿಪೇರಿ ಮಾಡಿ, ಹೊಸ ಕ್ಯಾಮೆರಾ ಹಾಕಿ ಮತ್ತೆ ಕಳಿಸಬಹುದು. ಪಿಎಚ್‌ಡಿ ವಿದ್ಯಾರ್ಥಿಯೊಬ್ಬ ಉಪಕರಣ ಕಟ್ಟಿ, ಹಾರಿಸಿ, ಫಲಿತಾಂಶ ಬರೆಯುವುದು ಒಂದೇ ಪದವಿಯ ಅವಧಿಯಲ್ಲಿ ಸಾಧ್ಯ.

ಹೆಚ್ಚು ತೂಕ ಕೊಡಬೇಕಾದದ್ದು ಈ ಕೊನೆಯ ಮಾತಿಗೆ. ಬಲೂನು ಮತ್ತು ಉಪಗ್ರಹವನ್ನು ಎದುರಾಳಿಗಳಂತೆ ನೋಡುವುದೇ ತಪ್ಪು ಲೆಕ್ಕ. 2015ರಲ್ಲಿ ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಎಕ್ಸ್ ಕಿರಣ ಉಪಕರಣಗಳ ಹಿಂದೆ ಟಿಐಎಫ್‌ಆರ್‌ನ ಬಲೂನು ಪ್ರಯೋಗಗಳ ದಶಕಗಳ ಅನುಭವ ಇದೆ. ಬಲೂನು ನಿಂತರೆ ಉಳಿತಾಯ ಇವತ್ತೇ ಕಾಣುತ್ತದೆ. ನಷ್ಟ ಕಾಣುವುದು ಹತ್ತು ಹದಿನೈದು ವರ್ಷದ ನಂತರ, ಉಪಗ್ರಹ ಕಟ್ಟಲು ಪಳಗಿದ ಕೈ ಸಿಗದಿದ್ದಾಗ.

ಅಪಾಯ, ಪ್ಲಾಸ್ಟಿಕ್ಕು ಮತ್ತು ಅನುಮಾನ

ವಿಮಾನಕ್ಕೆ ಬಡಿದರೆ? 2025ರ ಅಕ್ಟೋಬರಿನಲ್ಲಿ ಅಮೆರಿಕದ ಯೂಟಾ ರಾಜ್ಯದ ಮೇಲೆ ಸುಮಾರು 36,000 ಅಡಿಯಲ್ಲಿ ಹಾರುತ್ತಿದ್ದ ಪ್ರಯಾಣಿಕರ ವಿಮಾನದ ಮುಂಗಾಜು ಬಿರುಕುಬಿಟ್ಟಿತು. ಬಡಿದದ್ದು ಖಾಸಗಿ ಕಂಪನಿಯೊಂದರ ಹವಾಮಾನ ಬಲೂನು. ತೂಕ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ. ಪೈಲಟ್‌ಗೆ ಸಣ್ಣ ಗಾಯವಾಯಿತು, ವಿಮಾನ ಸುರಕ್ಷಿತವಾಗಿ ಇಳಿಯಿತು.

ಟೆಲಿಸ್ಕೋಪು ಹೊರುವ ದೊಡ್ಡ ಬಲೂನಿನ ಸಂಗತಿ ಬೇರೆ. ಅದು ವಿಮಾನಗಳ ಎತ್ತರವನ್ನು ಮುಕ್ಕಾಲು ಗಂಟೆಯೊಳಗೆ ದಾಟಿ ಮೇಲೆ ಹೋಗುತ್ತದೆ. ಮೊದಲೇ ವಾಯು ಸಂಚಾರ ನಿಯಂತ್ರಕರಿಗೆ ತಿಳಿಸಿರುತ್ತಾರೆ. ಇರುವ ಜಾಗವನ್ನು ತಾನೇ ಹೇಳುತ್ತಾ ಹೋಗುವ ಉಪಕರಣವೂ ಇರುತ್ತದೆ. ಇಳಿಯುವಾಗ ಅದೇ ಎಚ್ಚರ ಇನ್ನೊಮ್ಮೆ ಬೇಕು. ಅಪಾಯ ಸೊನ್ನೆ ಎನ್ನಲಾಗದು. ಒಂದು ಟನ್ನಿನ ವಸ್ತು ಪ್ಯಾರಾಚೂಟಿನಲ್ಲಿ ಬಂದರೂ ಮನೆಯ ಮೇಲೆ ಬಿದ್ದರೆ ಹಾನಿಯೇ. ಅದಕ್ಕೇ ಜನ ಹೆಚ್ಚಿರುವ ಕಡೆ ತೇಲುತ್ತಿದ್ದರೆ ಆಜ್ಞೆ ಕೊಡದೆ ಕಾಯುತ್ತಾರೆ. ವಾನಾಕಾ, ಅಂಟಾರ್ಕ್ಟಿಕದಂಥ ಜಾಗ ಆರಿಸುವುದೂ ಇದೇ ಕಾರಣಕ್ಕೆ. ಹೈದರಾಬಾದಿನ ಸುತ್ತ ಊರುಗಳು ಬೆಳೆದಂತೆ ಇಳಿಸಲು ಖಾಲಿ ನೆಲ ಹುಡುಕುವುದು ಕಷ್ಟವಾಗುತ್ತಾ ಹೋಗುವುದು ಖಂಡಿತ.

ಪ್ಲಾಸ್ಟಿಕ್ ಬಗ್ಗೆ ಬರುವ ಟೀಕೆ ನ್ಯಾಯವಾದದ್ದು. ದೊಡ್ಡ ಬಲೂನಿನ ಹಾಳೆ ಟನ್ ಲೆಕ್ಕದ್ದು. ನೆಲದಲ್ಲಿ ಬಿದ್ದರೆ ಸಂಗ್ರಹಿಸುತ್ತಾರೆ, ಸಮುದ್ರದಲ್ಲಿ ಬಿದ್ದರೆ ಅಲ್ಲೇ ಮುಳುಗುತ್ತದೆ. ವರ್ಷಕ್ಕೆ ಹಾರುವ ಸಂಖ್ಯೆ ಕಡಿಮೆ ಎಂಬುದು ಸಮಾಧಾನ, ಪರಿಹಾರ ಅಲ್ಲ.

ಅನುಮಾನದ್ದು ಹೊಸ ತೊಡಕು. 2023ರ ಫೆಬ್ರುವರಿ 4ರಂದು ಚೀನಾದ ಬಲೂನನ್ನು ಅಮೆರಿಕ ಹೊಡೆದುರುಳಿಸಿದ ಮೇಲೆ ಆಕಾಶದಲ್ಲಿ ಬಿಳಿ ಚುಕ್ಕೆ ಕಂಡರೆ ಸಾಕು, ಗೂಢಚಾರಿ ಎನ್ನುವ ಮಾತು ಬರುತ್ತದೆ. ದೇಶದಿಂದ ದೇಶಕ್ಕೆ ತೇಲುವ ಬಲೂನುಗಳಿಗೆ ಪ್ರತಿ ದೇಶದ ಒಪ್ಪಿಗೆ ಬೇಕು. ಅನುಮಾನ ಬೆಳೆದಷ್ಟೂ ಒಪ್ಪಿಗೆ ಸಿಗುವುದು ನಿಧಾನವಾಗುತ್ತದೆ.

ಹೊಲದಲ್ಲಿ ಸಿಕ್ಕರೆ

ಟಿಐಎಫ್‌ಆರ್ ಪ್ರಕಟಣೆಗಳು ಹೇಳುವುದು ಸರಳ. ಯಂತ್ರ ಸಿಕ್ಕರೆ ಮುಟ್ಟಬೇಡಿ, ಬಿಚ್ಚಬೇಡಿ, ಜಾಗ ಬದಲಿಸಬೇಡಿ. ಕೆಲವು ಉಪಕರಣಗಳಲ್ಲಿ ಹೆಚ್ಚಿನ ವೋಲ್ಟೇಜ್ ಇರಬಹುದು. ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಂಚೆ ಕಚೇರಿಗೆ ತಿಳಿಸಿ. ತಿಳಿಸಿದವರಿಗೆ ಬಹುಮಾನ ಮತ್ತು ಆದ ಖರ್ಚು ಕೊಡುತ್ತಾರೆ. ಬಿಚ್ಚಿ ಕೆದಕಿದ್ದರೆ ಬಹುಮಾನ ಇಲ್ಲ.

ಬಿಚ್ಚುವುದರಿಂದ ನಷ್ಟ ಯಾಕೆ ಅಷ್ಟು ದೊಡ್ಡದು ಎಂಬುದು ಬ್ಲಾಸ್ಟ್ ಮತ್ತು ಸೂಪರ್‌ಬಿಟ್ ಕಥೆಯಲ್ಲೇ ಇದೆ. ಎಷ್ಟೋ ಸಲ ಇಡೀ ಹಾರಾಟದ ಫಲ ಉಳಿದಿರುವುದು ಆ ಒಂದು ಡಬ್ಬಿಯೊಳಗಿನ ಮೆಮೊರಿಯಲ್ಲಿ ಮಾತ್ರ. ಅಂಗೈಯಗಲದ ಒಂದು ಹಲಗೆ ಕಾಣೆಯಾದರೆ ಐದಾರು ವರ್ಷದ ಕೆಲಸ ಹೋದಂತೆ.

ಹಾಗೆಂದು ಹೊಣೆಯೆಲ್ಲ ಹಳ್ಳಿಯವರ ಮೇಲೆ ಹೊರಿಸಲಾಗದು. ಪತ್ರಿಕೆಯ ಮೂಲೆಯಲ್ಲಿ ಬಂದ ಪ್ರಕಟಣೆ ಹುಮನಾಬಾದಿನ ಹೊಲದಲ್ಲಿ ತೊಗರಿ ಕೊಯ್ಯುವವರನ್ನು ಮುಟ್ಟುವುದು ಅಪರೂಪ. ಬಲೂನು ಎಲ್ಲಿ ಬೀಳುತ್ತದೆ ಎಂದು ನಿಖರವಾಗಿ ಹೇಳಲಾಗದಿರಬಹುದು, ಆದರೆ ಯಾವ ಜಿಲ್ಲೆಗಳಲ್ಲಿ ಬೀಳಬಹುದು ಎಂದು ಮೊದಲೇ ಗೊತ್ತು. ಹಾರುವ ರಾತ್ರಿ ಗಾಳಿಯ ಲೆಕ್ಕ ಹಾಕಿ ತಾಲ್ಲೂಕುಗಳ ಹೆಸರನ್ನೂ ಹೇಳಬಹುದು. ಆ ಹೆಸರುಗಳು ಅದೇ ರಾತ್ರಿ ತಹಶೀಲ್ದಾರ್ ಕಚೇರಿ ಮತ್ತು ಪೊಲೀಸ್ ಠಾಣೆಗಳಿಗೆ, ಅಲ್ಲಿಂದ ಗ್ರಾಮ ಪಂಚಾಯಿತಿಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗಬೇಕು. ಸೀಸನ್ ಶುರುವಾಗುವ ಮೊದಲು, ಅಕ್ಟೋಬರಿಗೆ ಮುಂಚೆ, ಪಂಚಾಯಿತಿಯ ಗೋಡೆಗೆ ಒಂದು ಹಾಳೆ ಅಂಟಿಸಬೇಕು. ಅದರಲ್ಲಿ ಬಲೂನಿನ ಒಂದು ಫೋಟೋ, ಪ್ಯಾರಾಚೂಟು ಹಿಡಿದ ಪೆಟ್ಟಿಗೆಯ ಇನ್ನೊಂದು ಫೋಟೋ, ಕನ್ನಡದಲ್ಲಿ ನಾಲ್ಕು ಸಾಲು ಮತ್ತು ಫೋನು ಮಾಡಿದರೆ ಕನ್ನಡದಲ್ಲೇ ಉತ್ತರಿಸುವ ಒಂದು ನಂಬರ್ ಇದ್ದರೆ ಸಾಕು.